ಓದಿನ ನಡುವಣ ಐದು ನಿಮಿಷ: ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳಿಗೊಂದು ಕೈಪಿಡಿ

“ಒಂದು ಕಡೆ ಕೂತು ಓದು” ಎಂಬುದು ನಮ್ಮ ಮನೆಗಳಲ್ಲಿ ಹಿರಿಯರು ಮಕ್ಕಳಿಗೆ ಹೇಳುತ್ತ ಬಂದಿರುವ ಬುದ್ಧಿಮಾತುಗಳಲ್ಲಿ ಪ್ರಾಯಶಃ ಎಲ್ಲಕ್ಕಿಂತಲೂ ಹೆಚ್ಚು ಸಲ ಕಿವಿಗೆ ಬಿದ್ದಿರತಕ್ಕ ಮಾತು. ಆ ಮಾತಿನಲ್ಲಿ ತಥ್ಯವಿಲ್ಲದಿಲ್ಲ. ಚಂಚಲವಾದ ಮನಸ್ಸನ್ನು ಒಂದೆಡೆ ನಿಲ್ಲಿಸಬೇಕಾದರೆ ಮೊದಲು ದೇಹವನ್ನು ಒಂದೆಡೆ ನಿಲ್ಲಿಸಬೇಕೆಂಬುದನ್ನು ಓದಿನ ರುಚಿ ಕಂಡವರೆಲ್ಲರೂ ಅನುಭವದಿಂದ ಬಲ್ಲರು. ಆದರೆ ಇಂದಿನ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಯ ದಿನಚರಿಯನ್ನು ಕೊಂಚ ಪರಿಶೀಲಿಸಿದರೆ, ಬೆಳಗಿನ ಬಸ್ಸಿನ ಆಸನದಿಂದ ತರಗತಿಯ ಬೆಂಚಿಗೆ, ಬೆಂಚಿನಿಂದ ಗ್ರಂಥಾಲಯದ ಕುರ್ಚಿಗೆ, ಕುರ್ಚಿಯಿಂದ ಹಾಸ್ಟೆಲಿನ ಮಂಚದ ಮೇಲೆ ತೆರೆದಿಟ್ಟ ಲ್ಯಾಪ್‌ಟಾಪಿನ ಮುಂದಕ್ಕೆ ಆತನ ದೇಹವು ಆಸನದಿಂದ ಆಸನಕ್ಕೆ ವರ್ಗವಾಗುತ್ತ, ಎದ್ದಿರುವ ಹೊತ್ತಿನ ಬಹುಪಾಲು ನಿಶ್ಚಲವಾಗಿಯೇ ಕಳೆದುಹೋಗುತ್ತದೆಂಬುದು ಸ್ಪಷ್ಟವಾಗುತ್ತದೆ. ಹೀಗೆ ಕುಳಿತ ದೇಹದೊಳಗೆ ಮನಸ್ಸೂ ಕುಳಿತಿರುವುದೆಂದು ಭಾವಿಸುವುದೇ ತಪ್ಪು. ಪುಟದ ಮೇಲೆ ಕಣ್ಣು ಜಾರುತ್ತಿರುತ್ತದೆ, ಸಾಲುಗಳು ಮುಗಿಯುತ್ತಿರುತ್ತವೆ, ಆದರೆ ಅರ್ಥವೆಂಬುದು ಒಳಕ್ಕೆ ಇಳಿಯುವುದನ್ನು ಯಾವಾಗಲೋ ನಿಲ್ಲಿಸಿಬಿಟ್ಟಿರುತ್ತದೆ.

ಇಂತಹ ಸ್ಥಿತಿಯಲ್ಲಿ ಬಹುಮಂದಿ ವಿದ್ಯಾರ್ಥಿಗಳು ಹಿಡಿಯುವ ಹಾದಿ ಎರಡು: ಒಂದು, ಹಠ ತೊಟ್ಟು ಮತ್ತಷ್ಟು ಹೊತ್ತು ಕುಳಿತೇ ಇರುವುದು, ಮತ್ತೊಂದು, ಮೊಬೈಲನ್ನು ಕೈಗೆತ್ತಿಕೊಳ್ಳುವುದು. ಇವೆರಡಕ್ಕಿಂತಲೂ ಸುಲಭವಾದ, ಖರ್ಚಿಲ್ಲದ, ಪ್ರಯೋಗಗಳಿಂದಲೂ ಸಮರ್ಥಿತವಾದ ಮೂರನೆಯ ಹಾದಿಯೊಂದುಂಟು. ಓದಿನ ನಡುವೆ ನಿಯತವಾದ ಅವಧಿಗಳಲ್ಲಿ ಎದ್ದು, ಕೆಲವೇ ನಿಮಿಷಗಳ ಪರ್ಯಂತ ಕೈಕಾಲುಗಳಿಗೆ ಕೆಲಸ ಕೊಟ್ಟು, ಒಡನೆಯೇ ಓದಿಗೆ ಮರಳುವುದೇ ಆ ಹಾದಿ. ಹೀಗೆ ಕಾಲಿಗೆ ಕೊಟ್ಟ ಐದು ನಿಮಿಷವು ಓದಿನಿಂದ ಕದ್ದ ಕಾಲವೆಂದು ಅಳುಕಬೇಕಾದುದಿಲ್ಲ. ಅದು ಓದಿನ ಒಂದು ಅಂಗವೇ ಎಂಬುದನ್ನು ಮನಗಾಣಿಸಿ, ಅದನ್ನು ಆಚರಣೆಗೆ ತರುವ ಬಗೆಯನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಒಂದು ಉಪನ್ಯಾಸ, ಮೂರು ಗುಂಪು

ಕೆನಡಾ ದೇಶದ ಹ್ಯಾಮಿಲ್ಟನ್ ನಗರದಲ್ಲಿರುವ ಮೆಕ್‌ಮಾಸ್ಟರ್ ವಿಶ್ವವಿದ್ಯಾನಿಲಯದ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಈ ವಿಷಯಕ್ಕೆ ನೇರವಾಗಿ ಸಂಬಂಧಿಸಿದುದಾದ್ದರಿಂದ ಅದನ್ನು ಕೊಂಚ ವಿಸ್ತಾರವಾಗಿ ತಿಳಿಸುವುದು ಯುಕ್ತ. ಮನಶ್ಶಾಸ್ತ್ರದ ಪ್ರಾರಂಭಿಕ ತರಗತಿಯ ವಿದ್ಯಾರ್ಥಿಗಳನ್ನು ಮೂರು ಗುಂಪುಗಳಾಗಿ ವಿಭಾಗಿಸಿ, ಎಲ್ಲರಿಗೂ 50 ನಿಮಿಷಗಳ ಒಂದೇ ಉಪನ್ಯಾಸವನ್ನು ವಿಡಿಯೋ ಮೂಲಕ ಕೇಳಿಸಲಾಯಿತು. ಮೊದಲನೆಯ ಗುಂಪಿಗೆ ಉಪನ್ಯಾಸದ ನಡುನಡುವೆ ತಲಾ 5 ನಿಮಿಷಗಳ ಮೂರು ವಿರಾಮಗಳನ್ನು ಕೊಟ್ಟು, ಆ ಸಮಯದಲ್ಲಿ ನಿಂತಲ್ಲಿಯೇ ಕುಪ್ಪಳಿಸುವಂತಹ ಸರಳ ವ್ಯಾಯಾಮಗಳನ್ನು ಮಾಡಿಸಿದರು. ಎರಡನೆಯ ಗುಂಪಿಗೆ ಅಷ್ಟೇ ವಿರಾಮಗಳನ್ನು ಕೊಟ್ಟರಾದರೂ ಆ ಹೊತ್ತಿನಲ್ಲಿ ಕಂಪ್ಯೂಟರಿನ ಆಟವೊಂದನ್ನು ಆಡಿಸಿದರು. ಮೂರನೆಯ ಗುಂಪಿಗೆ ವಿರಾಮವೆಂಬುದೇ ಇರಲಿಲ್ಲ.

ಪರಿಣಾಮವು ಗಮನಾರ್ಹವಾಗಿತ್ತು. ವ್ಯಾಯಾಮ ಮಾಡಿದವರ ಅವಧಾನವು ಉಪನ್ಯಾಸದ ಕೊನೆಯವರೆಗೂ ಉಳಿದುಕೊಂಡಿತು. ಮಿಕ್ಕವರ ಅವಧಾನವು ಹೊತ್ತು ಕಳೆದಂತೆ ಕ್ಷೀಣಿಸಿತು. ಉಪನ್ಯಾಸ ಮುಗಿದೊಡನೆ ನಡೆಸಿದ ಪರೀಕ್ಷೆಯಲ್ಲಿಯೂ, 48 ಗಂಟೆಗಳ ತರುವಾಯ ಮತ್ತೆ ನಡೆಸಿದ ಪರೀಕ್ಷೆಯಲ್ಲಿಯೂ ಮೊದಲ ಗುಂಪಿನವರೇ ಮುಂದಿದ್ದರು. ಇಲ್ಲಿ ವಿಶೇಷವಾಗಿ ಲಕ್ಷಿಸಬೇಕಾದುದು ಎರಡನೆಯ ಗುಂಪಿನ ಸ್ಥಿತಿಯನ್ನು. ಬರಿಯ ವಿರಾಮದಿಂದಲೇ ಮನಸ್ಸು ಚೇತರಿಸಿಕೊಳ್ಳುವುದಾಗಿದ್ದರೆ ಅವರಿಗೂ ಆ ಲಾಭ ದೊರೆಯಬೇಕಾಗಿತ್ತು, ದೊರೆಯಲಿಲ್ಲ. ವಿರಾಮದಲ್ಲಿ ನಾವು ಏನು ಮಾಡುತ್ತೇವೆಂಬುದು ವಿರಾಮದಷ್ಟೇ ಮುಖ್ಯವೆಂಬುದು ಇದರಿಂದ ವಿದಿತವಾಗುತ್ತದೆ. ಇದು ನೂರಕ್ಕಿಂತ ಕಡಮೆ ವಿದ್ಯಾರ್ಥಿಗಳ ಮೇಲೆ ನಡೆದ ಪ್ರಯೋಗವೆಂಬುದನ್ನು ಮರೆಯಬಾರದು. ಆದರೂ ಬೇರೆಬೇರೆ ದೇಶಗಳಲ್ಲಿ ನಡೆದಿರುವ ಇತರ ಅಧ್ಯಯನಗಳೂ ಇದೇ ದಿಕ್ಕನ್ನು ತೋರುತ್ತಿರುವುದರಿಂದ ಇದರ ಮಾತಿಗೆ ತೂಕ ಬಂದಿದೆ.

ಕಾಲು ನಡೆದರೆ ತಲೆಗೇನು ಲಾಭ?

ಮನುಷ್ಯನ ಮಿದುಳು ದೇಹದ ತೂಕದಲ್ಲಿ ಸುಮಾರು ನೂರಕ್ಕೆ 2 ಪಾಲಿನಷ್ಟಿದ್ದರೂ, ವಿಶ್ರಾಂತಿಯ ಸ್ಥಿತಿಯಲ್ಲಿ ದೇಹವು ಬಳಸುವ ಆಮ್ಲಜನಕದಲ್ಲಿ ಸುಮಾರು ನೂರಕ್ಕೆ 20 ಪಾಲನ್ನು ತಾನೊಂದೇ ಬಳಸಿಕೊಳ್ಳುತ್ತದೆ. ಇಷ್ಟು ದೊಡ್ಡ ಬೇಡಿಕೆಯುಳ್ಳ ಅಂಗಕ್ಕೆ ರಕ್ತದ ಪೂರೈಕೆಯು ಸದಾ ಸುಗಮವಾಗಿರಬೇಕಾದುದು ಸಹಜವೇ. ನಾವು ನಡೆಯುವಾಗ ಮೀನಖಂಡದ ಸ್ನಾಯುಗಳು ಸಂಕೋಚಗೊಂಡು ಸಡಿಲುತ್ತ, ಕಾಲುಗಳ ಅಭಿಧಮನಿಗಳಲ್ಲಿರುವ ರಕ್ತವನ್ನು ಮೇಲಕ್ಕೆ ತಳ್ಳಿ ಹೃದಯಕ್ಕೆ ನೆರವಾಗುತ್ತವೆ. ಗಂಟೆಗಟ್ಟಲೆ ಕುಳಿತಾಗ ಈ ನೆರವು ನಿಂತುಹೋಗುತ್ತದೆ.

ಇಂಗ್ಲೆಂಡಿನ ಲಿವರ್‌ಪೂಲ್ ಜಾನ್ ಮೂರ್ಸ್ ವಿಶ್ವವಿದ್ಯಾನಿಲಯದ ಸಂಶೋಧಕರು ಕಚೇರಿಯ ನೌಕರರನ್ನು 4 ಗಂಟೆಗಳ ಕಾಲ ಕುಳ್ಳಿರಿಸಿ ಅವರ ಮಿದುಳಿಗೆ ಹರಿಯುವ ರಕ್ತವನ್ನು ಅಳೆದರು. ಎಡೆಬಿಡದೆ ಕುಳಿತಾಗ ಆ ಹರಿವು ಇಳಿಮುಖವಾಯಿತು. ಪ್ರತಿ 30 ನಿಮಿಷಕ್ಕೊಮ್ಮೆ 2 ನಿಮಿಷ ನಡೆದಾಗ ಆ ಇಳಿತವು ತಪ್ಪಿತು. ಪ್ರತಿ 2 ಗಂಟೆಗೊಮ್ಮೆ ಒಟ್ಟಿಗೇ 8 ನಿಮಿಷ ನಡೆದಾಗ ತಪ್ಪಲಿಲ್ಲ. ನಡೆದ ಒಟ್ಟು ಕಾಲವು ಎರಡೂ ಕ್ರಮಗಳಲ್ಲಿ ಒಂದೇ ಆಗಿತ್ತೆಂಬುದನ್ನು ಗಮನಿಸಿದರೆ, ಎಷ್ಟು ನಡೆದೆವೆಂಬುದಕ್ಕಿಂತ ಎಷ್ಟು ಬೇಗ ಎದ್ದೆವೆಂಬುದು ಈ ವಿಷಯದಲ್ಲಿ ಮುಖ್ಯವೆಂದು ತಿಳಿಯುತ್ತದೆ. ಆ ಪ್ರಯೋಗವು ರಕ್ತದ ಹರಿವನ್ನು ಅಳೆದುದೇ ಹೊರತು ಓದಿನ ಫಲವನ್ನು ಅಳೆದುದಲ್ಲವಾದರೂ, ವಿದ್ಯಾರ್ಥಿಯು ತನ್ನ ವೇಳಾಪಟ್ಟಿಯನ್ನು ರಚಿಸುವಾಗ ಅದರಿಂದ ಒಂದು ಸೂಚನೆಯನ್ನು ಪಡೆಯಬಹುದು.

ರಕ್ತದ ಹರಿವಿನ ಜೊತೆಗೆ ಇನ್ನೊಂದು ಕಾರಣವೂ ಉಂಟು. ದೇಹವು ಚಲಿಸತೊಡಗಿದೊಡನೆ ಮಿದುಳಿನಲ್ಲಿ ನಾರ್‌ಅಡ್ರಿನಲಿನ್, ಡೋಪಮಿನ್ ಮೊದಲಾದ ರಾಸಾಯನಿಕಗಳ ವ್ಯಾಪಾರವು ಚುರುಕುಗೊಂಡು, ಎಚ್ಚರದ ಮಟ್ಟವು ಏರುತ್ತದೆ. ಹಣೆಯ ಹಿಂಭಾಗದಲ್ಲಿರುವ ಮಿದುಳಿನ ಮುಂಗವಚ, ಅಂದರೆ ಬೇಡವಾದುದನ್ನು ತಡೆದು ಬೇಕಾದುದರ ಮೇಲೆ ಲಕ್ಷ್ಯವನ್ನು ನಿಲ್ಲಿಸುವ ಭಾಗವು, ಇದರಿಂದ ವಿಶೇಷವಾಗಿ ಉಪಕೃತವಾಗುತ್ತದೆ. ಜಪಾನಿನ ತ್ಸುಕುಬಾ ವಿಶ್ವವಿದ್ಯಾನಿಲಯವೂ ಅಮೆರಿಕದ ಅರ್ವೈನ್‌ನಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯವೂ ಕೂಡಿ ತರುಣರ ಮೇಲೆ ನಡೆಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೇವಲ 10 ನಿಮಿಷಗಳ ಅತಿ ಮೃದುವಾದ ಪೆಡಲು ತುಳಿತದ ತರುವಾಯ, ಒಂದನ್ನೊಂದು ಹೋಲುವ ಚಿತ್ರಗಳನ್ನು ಬೇರ್ಪಡಿಸಿ ನೆನಪಿಟ್ಟುಕೊಳ್ಳುವ ಶಕ್ತಿಯು ಹೆಚ್ಚಿದುದು ಕಂಡುಬಂತು. ಬೆವರು ಸುರಿಸುವಷ್ಟು ಶ್ರಮವು ಅನಿವಾರ್ಯವಲ್ಲವೆಂಬುದಕ್ಕೆ ಇದು ಸಾಕ್ಷಿ. ವ್ಯಾಯಾಮವೆಂದೊಡನೆ ಹಿಂಜರಿಯುವ ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆಯ ವಾರ್ತೆ ಬೇರೊಂದಿರಲಾರದು.

ಎಷ್ಟು ಹೊತ್ತಿಗೊಮ್ಮೆ ಏಳಬೇಕು?

ಮನಸ್ಸಿನ ಅವಧಾನವು ಇಷ್ಟೇ ನಿಮಿಷ ನಿಲ್ಲುತ್ತದೆಂದು ಎಲ್ಲರಿಗೂ ಒಪ್ಪುವ ಸಂಖ್ಯೆಯೊಂದನ್ನು ಹೇಳುವವರ ಮಾತನ್ನು ನಂಬಬೇಕಾಗಿಲ್ಲ. ವಿಷಯ, ಹೊತ್ತು, ನಿದ್ರೆ, ಅಭಿರುಚಿ ಇವುಗಳನ್ನು ಅನುಸರಿಸಿ ಅದು ಹಿಗ್ಗುತ್ತದೆ, ಕುಗ್ಗುತ್ತದೆ. ಆದಕಾರಣ ಈ ಕೆಳಗಿನ ಕ್ರಮವನ್ನು ಆರಂಭಕ್ಕೆ ಒಂದು ಊರುಗೋಲೆಂದು ಹಿಡಿದು, ಒಂದೆರಡು ವಾರಗಳಲ್ಲಿ ತಮ್ಮ ಪ್ರಕೃತಿಗೆ ತಕ್ಕಂತೆ ಮಾರ್ಪಡಿಸಿಕೊಳ್ಳುವುದು ಲೇಸು.

1. 25ರಿಂದ 30 ನಿಮಿಷಗಳ ಓದು, ತರುವಾಯ 2ರಿಂದ 5 ನಿಮಿಷಗಳ ಚಲನೆ. ಇಟಲಿಯ ಫ್ರಾಂಚೆಸ್ಕೊ ಚಿರಿಲ್ಲೊ ಎಂಬವರು 1980ರ ದಶಕದ ಕೊನೆಯಲ್ಲಿ ತಾವು ವಿದ್ಯಾರ್ಥಿಯಾಗಿದ್ದಾಗ ರೂಢಿಸಿಕೊಂಡು ಪ್ರಸಿದ್ಧಿಗೆ ತಂದ ಪೊಮೊಡೊರೊ ಕ್ರಮವೂ 25 ನಿಮಿಷದ ಕೆಲಸಕ್ಕೆ 5 ನಿಮಿಷದ ಬಿಡುವನ್ನು ವಿಧಿಸುತ್ತದೆ. ಆ ಬಿಡುವಿನಲ್ಲಿ ದೇಹವನ್ನು ಚಲಿಸತಕ್ಕದ್ದೆಂಬ ನಿಯಮವೊಂದನ್ನು ನಾವು ಸೇರಿಸಿಕೊಂಡರೆ ಸಾಕು.

2. ಇಂತಹ ನಾಲ್ಕು ಆವೃತ್ತಿಗಳಾದ ಮೇಲೆ, ಎಂದರೆ ಸುಮಾರು 2 ಗಂಟೆಗಳಿಗೊಮ್ಮೆ, 10ರಿಂದ 20 ನಿಮಿಷಗಳ ನಡಿಗೆ. ಸಾಧ್ಯವಾದರೆ ಬಯಲಿನಲ್ಲಿ, ಮರಗಳ ನೆರಳಿನಲ್ಲಿ.

3. ಗಣಿತದ ಸಾಧನೆಯೊಂದು ಕೈಗೂಡುತ್ತಿರುವಾಗಲೋ, ಪ್ರಬಂಧದ ವಾಕ್ಯಗಳು ತಾವಾಗಿ ಹೊಮ್ಮುತ್ತಿರುವಾಗಲೋ ಗಡಿಯಾರ ಕೂಗಿತೆಂದು ಏಳಬೇಕಾಗಿಲ್ಲ. ಆ ಘಟ್ಟವನ್ನು ಮುಗಿಸಿಯೇ ಏಳಿರಿ. ನಿಯಮವು ಓದಿನ ಸೇವೆಗಾಗಿ ಇರತಕ್ಕದ್ದು.

4. ಏಳುವ ಮುನ್ನ, ಮುಂದೆ ಮಾಡಬೇಕಾದುದೇನೆಂಬುದನ್ನು ಒಂದು ಸಾಲಿನಲ್ಲಿ ಬರೆದಿಡಿರಿ: “ಮೂರನೆಯ ಸಮೀಕರಣದಿಂದ”, “ವಿಜಯನಗರದ ತೆರಿಗೆ ಪದ್ಧತಿಯ ಎರಡನೆಯ ಅಂಶ” ಎಂಬಂತೆ. ಹಿಂದಿರುಗಿ ಬಂದಾಗ ಎಲ್ಲಿಂದ ತೊಡಗಬೇಕೆಂದು ತಡಕಾಡುವುದರಲ್ಲಿಯೇ ವಿರಾಮದ ಲಾಭವು ಸೋರಿಹೋಗದಂತೆ ಈ ಒಂದು ಸಾಲು ಕಾಯುತ್ತದೆ.

ಶ್ರಮದ ಪ್ರಮಾಣವನ್ನು ಅಳೆಯುವುದಕ್ಕೆ ಯಾವ ಯಂತ್ರವೂ ಬೇಕಿಲ್ಲ. ಚಲಿಸುತ್ತಿರುವಾಗ ಮಾತನಾಡಲು ಸಾಧ್ಯವಾಗಿ, ಹಾಡಲು ಮಾತ್ರ ಕಷ್ಟವಾದರೆ ಅದು ಮಧ್ಯಮ ಪ್ರಮಾಣದ ಶ್ರಮ. ಓದಿನ ನಡುವಣ ವಿರಾಮಕ್ಕೆ ಅಷ್ಟು ಯಥೇಷ್ಟ. ಏದುಸಿರು ಬರುವಷ್ಟು ದಣಿದರೆ ಚೇತರಿಸಿಕೊಳ್ಳುವುದಕ್ಕೇ ಹೊತ್ತು ಹಿಡಿದು ಓದಿಗೆ ತೊಡಕಾದೀತು.

ಏನು ಮಾಡಬೇಕು, ಎಲ್ಲಿ ಮಾಡಬೇಕು

ಹಾಸ್ಟೆಲಿನ ಕೋಣೆಯಲ್ಲಿ: ನಮ್ಮ ಗರಡಿಮನೆಗಳ ಸಾಮಿನಲ್ಲಿ ಮೊದಲಿನಿಂದಲೂ ಬಂದಿರುವ ಬಸ್ಕಿಯು ತೊಡೆಯ ದೊಡ್ಡ ಸ್ನಾಯುಗಳಿಗೆಲ್ಲ ಕೆಲಸ ಕೊಡುವುದರಿಂದ ಅಲ್ಪಕಾಲದ ವ್ಯಾಯಾಮಕ್ಕೆ ಅತ್ಯುತ್ತಮವಾದುದು. ಶಾಲೆಯ ಶಿಕ್ಷೆಯೊಡನೆ ಅದರ ನೆನಪು ಬೆರೆತಿರಬಹುದಾದರೂ ಆ ಕಾರಣಕ್ಕೆ ಅದನ್ನು ದೂರವಿಡಬೇಡಿರಿ. 10ರಿಂದ 15 ಬಸ್ಕಿ, ಗೋಡೆಗೆ ಅಂಗೈಯೂರಿ ಎದೆಯನ್ನು ಗೋಡೆಯತ್ತ ತಂದು ಹಿಂದಕ್ಕೆ ತಳ್ಳುವುದು 10 ಸಲ, ಒಂದು ನಿಮಿಷ ನಿಂತಲ್ಲೇ ಮೊಣಕಾಲೆತ್ತಿ ಹೆಜ್ಜೆ ಹಾಕುವುದು, ಕೊನೆಗೆ ಹೆಗಲುಗಳನ್ನು ಹಿಂದಕ್ಕೆ ಸುತ್ತಿಸಿ ನಾಲ್ಕು ದೀರ್ಘಶ್ವಾಸ: ಇಷ್ಟಕ್ಕೆ ನಾಲ್ಕು ನಿಮಿಷ ಸಾಲುತ್ತದೆ. ಸೂರ್ಯನಮಸ್ಕಾರವನ್ನು ಬಲ್ಲವರು ನಿಧಾನವಾಗಿ ಮೂರು ನಾಲ್ಕು ಆವೃತ್ತಿಗಳನ್ನು ಮಾಡಬಹುದು. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ತಿರುಮಲೈ ಕೃಷ್ಣಮಾಚಾರ್ಯರು 1930ರ ದಶಕದಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆಯನ್ನು ನಡೆಸಿದ ಮೈಸೂರಿನ ನಾಡಿನವರಿಗೆ ಈ ವಿದ್ಯೆಯನ್ನು ಬೇರೆಡೆಯಿಂದ ತರಬೇಕಾದ ಅಗತ್ಯವಿಲ್ಲ. ಊಟವಾದೊಡನೆ ಮಾತ್ರ ಬಾಗುವ, ಮಲಗುವ ಆಸನಗಳು ಸಲ್ಲವು.

ಗ್ರಂಥಾಲಯದಲ್ಲಿ: ಸದ್ದು ಮಾಡದೆ, ಯಾರ ಗಮನವನ್ನೂ ಸೆಳೆಯದೆ ಮಾಡಬಹುದಾದುದು ಮೆಟ್ಟಿಲೇರುವುದು. ಕೆನಡಾದಲ್ಲಿಯೇ 2019ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ, ವ್ಯಾಯಾಮದ ಅಭ್ಯಾಸವಿಲ್ಲದ ತರುಣರು 60 ಮೆಟ್ಟಿಲುಗಳನ್ನು ವೇಗವಾಗಿ ಏರುವುದನ್ನು ದಿನಕ್ಕೆ 3 ಸಲ, ವಾರಕ್ಕೆ 3 ದಿನ, 6 ವಾರಗಳ ಕಾಲ ನಡೆಸಿದಾಗ ಅವರ ಹೃದಯ ಮತ್ತು ಶ್ವಾಸಕೋಶಗಳ ಸಾಮರ್ಥ್ಯವು ಅಳತೆಗೆ ಸಿಕ್ಕುವಷ್ಟು ಹೆಚ್ಚಿತು. ಮೇಲಿನ ಅಂತಸ್ತಿನಲ್ಲಿ ನೀರು ಕುಡಿಯುವುದು, ಕೆಳಗಿನ ಅಂತಸ್ತಿನಲ್ಲಿ ಪುಸ್ತಕ ಹುಡುಕುವುದು ಎಂದು ನೆಪಗಳನ್ನು ಕಲ್ಪಿಸಿಕೊಂಡರೆ ಏಳುವ ಅಭ್ಯಾಸವು ತಾನಾಗಿ ಬೆಳೆಯುತ್ತದೆ. ಕಪಾಟುಗಳ ನಡುವೆ ನಿಂತು ಹಿಮ್ಮಡಿಯನ್ನೆತ್ತಿ ಇಳಿಸುವುದನ್ನು 20 ಸಲ ಮಾಡಿದರೆ ಮೀನಖಂಡಕ್ಕೆ ಬೇಕಾದ ಕೆಲಸವಾಯಿತು. ಸೀರೆಯುಟ್ಟವರಿಗೂ, ಹತ್ತು ಜನರ ನಡುವೆ ಕುಪ್ಪಳಿಸಲು ಸಂಕೋಚಪಡುವವರಿಗೂ ಇವು ಅನುಕೂಲವಾದ ಕ್ರಮಗಳು.

ಬಯಲಿನಲ್ಲಿ: ನಮ್ಮ ವಿಶ್ವವಿದ್ಯಾನಿಲಯಗಳನ್ನು ಕಟ್ಟಿದ ಹಿರಿಯರು ಕಟ್ಟಡಗಳಿಗಿಂತ ಹೆಚ್ಚು ನೆಲವನ್ನು ಬಿಟ್ಟುಹೋಗಿದ್ದಾರೆ. ಕುವೆಂಪು ಅವರು ಕುಲಪತಿಗಳಾಗಿದ್ದಾಗ ರೂಪುಗೊಂಡ ಮಾನಸಗಂಗೋತ್ರಿಯ ಪಕ್ಕದಲ್ಲಿಯೇ ಕುಕ್ಕರಹಳ್ಳಿ ಕೆರೆಯ ಏರಿಯುಂಟು. ಆ ಕೆರೆಯ ದಡದ ವಿಹಾರವು ಕವಿಯ ನಿತ್ಯಜೀವನದೊಡನೆ ಹೇಗೆ ಬೆರೆತಿತ್ತೆಂಬುದನ್ನು ಕನ್ನಡ ಓದುಗರು ಬಲ್ಲರು. ಧಾರವಾಡದ ಪಾವಟೆನಗರದ ಗುಡ್ಡ, ಬೆಂಗಳೂರಿನ ಜ್ಞಾನಭಾರತಿಯ ವಿಶಾಲವಾದ ಮರದೋಪು, ಇವೆಲ್ಲವೂ ವಿದ್ಯಾರ್ಥಿಯ ಪಾಲಿಗೆ ಪಠ್ಯಪುಸ್ತಕದಷ್ಟೇ ಉಪಯುಕ್ತವಾದ ಸಂಪತ್ತುಗಳು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ನಡೆದು 2014ರಲ್ಲಿ ಪ್ರಕಟವಾದ ಪ್ರಯೋಗಗಳ ಪ್ರಕಾರ, ಹೊಸ ಹೊಸ ಕಲ್ಪನೆಗಳನ್ನು ಹೊಮ್ಮಿಸುವ ಕೆಲಸಕ್ಕೆ ನಡಿಗೆಯು ಬಹಳವಾಗಿ ನೆರವಾಗುತ್ತದೆ. ಒಂದೇ ಸರಿಯುತ್ತರವುಳ್ಳ ಪ್ರಶ್ನೆಗಳನ್ನು ಬಿಡಿಸುವುದಕ್ಕೆ ಅಂತಹ ನೆರವು ಕಾಣಲಿಲ್ಲ. ಆದುದರಿಂದ ಪ್ರಬಂಧದ ವಿಷಯವನ್ನು ಚಿಂತಿಸಬೇಕಾದಾಗ ನಡೆಯುತ್ತ ಚಿಂತಿಸಿರಿ. ಲೆಕ್ಕವನ್ನು ಬಿಡಿಸಬೇಕಾದಾಗ ನಡೆದು ಬಂದು ಕುಳಿತು ಬಿಡಿಸಿರಿ.

ಕಲಬುರಗಿ, ರಾಯಚೂರು, ಬಳ್ಳಾರಿಗಳ ಬೇಸಗೆಯಲ್ಲಿ ಮಧ್ಯಾಹ್ನದ ಬಿಸಿಲಿಗೆ ಇಳಿಯುವುದು ವಿವೇಕವಲ್ಲ. ಅಂತಹ ಕಡೆ ಮೊಗಸಾಲೆಯ ನೆರಳಿನಲ್ಲಿ ನಡೆದು, ಬಯಲಿನ ನಡಿಗೆಯನ್ನು ಮುಂಜಾನೆಗೂ ಸಂಜೆಗೂ ಇಟ್ಟುಕೊಳ್ಳಬೇಕು. ಮಲೆನಾಡಿನ, ಕರಾವಳಿಯ ಮಳೆಗಾಲದಲ್ಲಿಯೂ ಜಗಲಿಯೇ ದಾರಿ.

ಮೊಬೈಲು ಎಂಬ ಹುಸಿ ವಿಶ್ರಾಂತಿ

ಐದು ನಿಮಿಷಕ್ಕೆಂದು ಮೊಬೈಲನ್ನು ತೆರೆದ ವಿದ್ಯಾರ್ಥಿಯು ಐವತ್ತು ನಿಮಿಷಗಳ ಅನಂತರ ತಲೆಯೆತ್ತುವುದು ಎಲ್ಲ ಹಾಸ್ಟೆಲುಗಳಲ್ಲಿಯೂ ಕಾಣುವ ನೋಟ. ಕಾಲಹರಣವೊಂದೇ ಇದರ ದೋಷವಲ್ಲ. ಓದಿನಿಂದ ದಣಿದ ಕಣ್ಣೂ ಅವಧಾನವೂ ಬಿಡುವು ಪಡೆಯಬೇಕಾದ ಹೊತ್ತಿನಲ್ಲಿ, ಕ್ಷಣಕ್ಷಣಕ್ಕೂ ಬದಲಾಗುವ ಚಿತ್ರಗಳೂ ಸುದ್ದಿಗಳೂ ಅದೇ ಕಣ್ಣನ್ನು, ಅದೇ ಅವಧಾನವನ್ನು ಮತ್ತೆ ದುಡಿಸುತ್ತವೆ. ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾನಿಲಯದ ಸಂಶೋಧಕರು 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಠಿನವಾದ ಪದಸಮಸ್ಯೆಗಳ ನಡುವಣ ಬಿಡುವನ್ನು ಮೊಬೈಲಿನಲ್ಲಿ ಕಳೆದ ವಿದ್ಯಾರ್ಥಿಗಳು ತರುವಾಯದ ಕೆಲಸದಲ್ಲಿ ಹಿಂದೆ ಬಿದ್ದುದು ಕಂಡುಬಂದಿದೆ. ಆದಕಾರಣ ನಡಿಗೆಗೆ ಹೊರಡುವಾಗ ಮೊಬೈಲನ್ನು ಮೇಜಿನ ಮೇಲೆಯೇ ಬಿಡಬೇಕು; ಸಮಯ ನೋಡುವುದಕ್ಕೆ ಕೈಗಡಿಯಾರವೊಂದಿದ್ದರೆ ಆ ನೆಪವೂ ಇಲ್ಲವಾಗುತ್ತದೆ.

ಅಧ್ಯಾಪಕರಲ್ಲಿ ಒಂದು ಮಾತು

ಒಂದು ಗಂಟೆಯ ತರಗತಿಯಲ್ಲಿ ಮೂರು ನಿಮಿಷವನ್ನು ಬಿಟ್ಟುಕೊಟ್ಟರೆ ಪಠ್ಯವು ಮುಗಿಯದೆ ಉಳಿದೀತೆಂಬ ಶಂಕೆ ಅಧ್ಯಾಪಕರಲ್ಲಿ ಹುಟ್ಟುವುದು ಸಹಜ. ಆದರೆ ಪಠ್ಯವು ಮುಗಿಯುವುದು ಅಧ್ಯಾಪಕರ ಬಾಯಲ್ಲಿಯೋ ವಿದ್ಯಾರ್ಥಿಗಳ ತಲೆಯಲ್ಲಿಯೋ ಎಂಬುದನ್ನು ವಿಚಾರಿಸಿ ನೋಡಬೇಕು. ಉಪನ್ಯಾಸದ ಅರ್ಧಕ್ಕೆ ಬಂದಾಗ, ಒಂದು ಪರಿಚ್ಛೇದ ಮುಗಿದ ಕಡೆಯಲ್ಲಿ ನಿಲ್ಲಿಸಿ, ಎಲ್ಲರನ್ನೂ ಎದ್ದು ನಿಲ್ಲಿಸಿರಿ. ನೆಲಕ್ಕೆ ಬಿಗಿದ ಬೆಂಚುಗಳ ಕೊಠಡಿಯಲ್ಲಿಯೂ ಹಿಮ್ಮಡಿಯೆತ್ತುವುದಕ್ಕೆ, ತೋಳುಗಳನ್ನು ಮೇಲಕ್ಕೆ ಚಾಚುವುದಕ್ಕೆ, ನಿಂತಲ್ಲೇ ಹೆಜ್ಜೆ ಹಾಕುವುದಕ್ಕೆ ಅಡ್ಡಿಯಿಲ್ಲ. ಅಧ್ಯಾಪಕರು ತಾವೂ ಜೊತೆಯಲ್ಲಿ ಮಾಡಿದರೆ ವಿದ್ಯಾರ್ಥಿಗಳ ಸಂಕೋಚವು ಕಳೆಯುತ್ತದೆ. ಯಾರನ್ನೂ ಬಲವಂತಪಡಿಸಬಾರದು, ಕುಳಿತೇ ಮಾಡಬಯಸುವವರಿಗೆ, ಏನನ್ನೂ ಮಾಡದಿರಬಯಸುವವರಿಗೆ ಕಾರಣ ಕೇಳದೆ ಅವಕಾಶವಿರಬೇಕು. ಮಧ್ಯಾಹ್ನದ ಊಟದ ಬಳಿಕ ತೂಕಡಿಕೆ ಕವಿಯುವ ತರಗತಿಗಳಲ್ಲಿ ಇದನ್ನು ಮೊದಲು ಪ್ರಯೋಗಿಸಿ ನೋಡಬಹುದು.

ಪರೀಕ್ಷೆಯ ದಿನಗಳಲ್ಲಿ

ಪರೀಕ್ಷೆ ಸಮೀಪಿಸಿದಂತೆಲ್ಲ ವಿದ್ಯಾರ್ಥಿಯು ಮೊದಲು ಕೈಬಿಡುವುದು ನಡಿಗೆಯನ್ನು, ಆಮೇಲೆ ನಿದ್ರೆಯನ್ನು. ಎರಡೂ ನಷ್ಟದ ವ್ಯಾಪಾರಗಳೇ. ಆ ದಿನಗಳಲ್ಲಿ ವಿರಾಮಗಳನ್ನು ಚಿಕ್ಕದಾಗಿಸಿದರೂ ಚಿಂತೆಯಿಲ್ಲ, ತೊರೆಯಬೇಡಿರಿ; ಎರಡು ನಿಮಿಷದ ಮೊಗಸಾಲೆಯ ನಡಿಗೆಯೂ ನಡಿಗೆಯೇ. ಪರೀಕ್ಷೆಯ ಮುಂಜಾನೆ, ಕೊಠಡಿಯ ಬಾಗಿಲಲ್ಲಿ ನಿಂತು ಕೊನೆಯ ಪುಟಗಳನ್ನು ಆತುರದಿಂದ ಮಗುಚುವುದರ ಬದಲು, 10 ನಿಮಿಷ ನಿಧಾನವಾಗಿ ನಡೆದು ಒಳಹೊಕ್ಕರೆ ಕಳವಳವು ಇಳಿದು ಮನಸ್ಸು ತಿಳಿಯಾಗಿರುತ್ತದೆ.

ಮಿತಿಗಳು, ಎಚ್ಚರಿಕೆಗಳು

ಈ ವಿರಾಮಗಳಿಂದ ಪವಾಡವನ್ನು ನಿರೀಕ್ಷಿಸಬಾರದು. ಅಲ್ಪಕಾಲದ ವ್ಯಾಯಾಮದಿಂದ ಬುದ್ಧಿಶಕ್ತಿಗಾಗುವ ತಕ್ಷಣದ ಲಾಭವು ನಿಜವಾದುದಾದರೂ ಸಾಧಾರಣ ಪ್ರಮಾಣದ್ದೆಂದು ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದವರು ಹೇಳಿದ್ದಾರೆ. ನಿದ್ದೆಗೆಟ್ಟವನಿಗೆ ನಿದ್ರೆಯೇ ಮದ್ದು; ಹಸಿದವನಿಗೆ ಅನ್ನವೇ ಮದ್ದು; ಪಾಠವನ್ನು ಓದದವನಿಗೆ ಓದೇ ಮದ್ದು. ಹಾಗೆಯೇ ಈ ತುಣುಕು ಚಲನೆಗಳು ಪೂರ್ಣ ವ್ಯಾಯಾಮದ ಸ್ಥಾನವನ್ನು ಇಡಿಯಾಗಿ ತುಂಬುವುದು ಕಷ್ಟ. ವಯಸ್ಕರು ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮದ ಚಟುವಟಿಕೆಯನ್ನು ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2020ರ ಮಾರ್ಗಸೂಚಿಯಲ್ಲಿ ಹೇಳಿದೆ. ಒಂದು ಸಲಕ್ಕೆ ಕನಿಷ್ಠ 10 ನಿಮಿಷವಾದರೂ ಮಾಡಿದರೆ ಮಾತ್ರ ಲೆಕ್ಕವೆಂಬ ಹಿಂದಿನ ನಿಯಮವನ್ನು ಅದು ಕೈಬಿಟ್ಟಿರುವುದರಿಂದ, ಓದಿನ ನಡುವಣ ಎರಡು ಮೂರು ನಿಮಿಷಗಳೂ ಆ ಮೊತ್ತಕ್ಕೆ ಸಲ್ಲುತ್ತವೆ.

ಉಬ್ಬಸ, ಹೃದಯದ ತೊಂದರೆ, ಮೊಣಕಾಲಿನ ನೋವು ಇರುವವರು ವೈದ್ಯರ ಸಲಹೆಯನ್ನು ಪಡೆದು ಮೃದುವಾದ ಚಲನೆಗಳನ್ನಷ್ಟೇ ಆರಿಸಿಕೊಳ್ಳಬೇಕು. ಕಾಲುಗಳ ಚಲನೆ ಸಾಧ್ಯವಿಲ್ಲದವರು ಕುಳಿತಲ್ಲಿಯೇ ತೋಳುಗಳನ್ನು ಬೀಸುವುದು, ಮುಷ್ಟಿಯನ್ನು ಮುಂದಕ್ಕೆ ಚಾಚಿ ಸೆಳೆದುಕೊಳ್ಳುವುದು ಮುಂತಾದುವನ್ನು ಲಯಬದ್ಧವಾಗಿ ಮಾಡಬಹುದು. ತಲೆ ಸುತ್ತಿದರೆ, ಎದೆಯಲ್ಲಿ ನೋವು ಕಂಡರೆ ಆ ಕ್ಷಣವೇ ನಿಲ್ಲಿಸಿ ವೈದ್ಯರನ್ನು ಕಾಣತಕ್ಕದ್ದು.

ಈ ಲೇಖನವನ್ನು ಓದುತ್ತಿರುವ ವಿದ್ಯಾರ್ಥಿಗಳಲ್ಲಿ ನನ್ನ ವಿಜ್ಞಾಪನೆ ಇಷ್ಟೆ: ಇದನ್ನು ನಂಬಬೇಕೆಂದು ನಂಬಬೇಡಿರಿ, ಪರೀಕ್ಷಿಸಿ ನೋಡಿರಿ. ಒಂದು ವಾರ ನಿಮ್ಮ ಎಂದಿನ ಕ್ರಮದಲ್ಲಿ ಓದಿ, ಮರುವಾರ ಅರ್ಧ ಗಂಟೆಗೊಮ್ಮೆ ಎದ್ದು ಚಲಿಸಿ ಓದಿರಿ. ಪ್ರತಿ ರಾತ್ರಿಯೂ ಪುಸ್ತಕವನ್ನು ಮುಚ್ಚಿ, ಅಂದು ಓದಿದುದರಲ್ಲಿ ನೆನಪಿರುವುದನ್ನು ಒಂದು ಹಾಳೆಯ ಮೇಲೆ ಬರೆಯಿರಿ. ಎರಡು ವಾರಗಳ ಹಾಳೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ನಿಮ್ಮ ಮಟ್ಟಿಗೆ ಯಾವುದು ಹಿತವೆಂಬುದು ನಿಮಗೇ ತಿಳಿಯುತ್ತದೆ. ಅಲ್ಲಿಯವರೆಗೆ, ಈ ಲೇಖನವನ್ನು ಕುಳಿತು ಓದಿ ಮುಗಿಸಿದ್ದರೆ, ದಯಮಾಡಿ ಈಗಲೇ ಎದ್ದು ನಾಲ್ಕು ಹೆಜ್ಜೆ ನಡೆಯಿರಿ.